ಹುಳದ ಮನೆ ಕಾಣದ ಡ್ರಮ್ಮು

ದಿಬ್ಬೂರಹಳ್ಳಿಯ ಮುನಿಗಂಗಮ್ಮನ ಹುಳದ ಮನೆಗೆ ಕಾಲು ತೊಳೆಯದೆ ಯಾರೂ ಹೋದದ್ದಿಲ್ಲ. ಮೂವತ್ತೈದು ವರ್ಷದಿಂದ ರೇಷ್ಮೆ ಹುಳ ಸಾಕಿದವಳು. ಹೊಗೆಸೊಪ್ಪು ಜಗಿದು ಬಂದ ಗಂಡನನ್ನೇ ಬಾಗಿಲಲ್ಲಿ ನಿಲ್ಲಿಸಿ, "ಬಾಯಿ ಮುಕ್ಕಳಿಸಿ ಬಾ, ಹುಳ ಸಾಯ್ತವೆ" ಅನ್ನುತ್ತಿದ್ದಳು. ಅಳಿಯ ಮೋಹನ್‌ಬಾಬು ಮೊದಲ ಸಲ ಸೆಂಟು ಹಾಕಿಕೊಂಡು ಬಂದಾಗ ಅವನನ್ನೂ ಹೊರಗೇ ಕೂರಿಸಿ ಕಾಫಿ ಕೊಟ್ಟಿದ್ದಳು. ನೆಂಟರು ಅದನ್ನು ಇಂದಿಗೂ ಹೇಳಿಕೊಂಡು ನಗುತ್ತಾರೆ.

ಮೋಹನ್‌ಬಾಬುವಿನದು ಚಿಂತಾಮಣಿಯಲ್ಲಿ ಜೆರಾಕ್ಸ್ ಅಂಗಡಿ. ಮನೆಯ ಹಜಾರದಲ್ಲಿ ಗಾಜಿನ ತೊಟ್ಟಿಯಿಟ್ಟು, ಉಪ್ಪುನೀರು ತುಂಬಿ, ಸಮುದ್ರದ ಮೀನು ಸಾಕಿದ್ದ. ಎರಡೇ ಮೀನು, ಕಿತ್ತಳೆ ಬಣ್ಣ, ಮೈಮೇಲೆ ಬಿಳಿ ಪಟ್ಟೆ. ನಾಲ್ಕು ವರ್ಷದಿಂದ ಇದ್ದವು. ಅವನು ಹತ್ತಿರ ಹೋದರೆ ಗಾಜಿಗೆ ಮೂತಿ ತಾಗಿಸುತ್ತಿದ್ದವು.

ಬೇಸಿಗೆ ಶುರುವಾದಾಗ ಅವನು ಫೋನು ಮಾಡಿ ಹೇಳಿದ: "ಲೋಟದ ನೀರು ಬೇಗ ಕಾಯುತ್ತೆ, ಹಂಡೆ ನೀರು ನಿಧಾನ, ಅಲ್ವಾ ಅತ್ತೆ? ನೀರು ಜಾಸ್ತಿ ಇದ್ದಷ್ಟೂ ಮೀನಿಗೆ ಕ್ಷೇಮ. ತೊಟ್ಟಿ ಕೆಳಗೆ ಒಂದು ಡ್ರಮ್ ಇಟ್ಟು ಪೈಪ್ ಜೋಡಿಸ್ತೀನಿ. ಮೇಲಿನ ನೀರು ಇಳಿಯುತ್ತೆ, ಮೋಟ್ರು ಮತ್ತೆ ಹತ್ತಿಸುತ್ತೆ."

"ಡ್ರಮ್ಮು ಕೊಳ್ಬ್ಯಾಡಪ್ಪ, ನಾನ್ ತರ್ತೀನಿ."

ಮುನಿಗಂಗಮ್ಮ ರೇಷ್ಮೆ ಗೂಡು ಮಾರಿ ಬಿಡುವಾಗಿದ್ದಳು. ನೀಲಿ ಡ್ರಮ್ಮನ್ನು ಬೂದಿ ಹಾಕಿ ಉಜ್ಜಿ, ಎರಡು ದಿನ ಬಿಸಿಲಿಗಿಟ್ಟು, ಬಸ್ಸಿಗೆ ಹತ್ತಿಸಿದಳು. ಕಂಡಕ್ಟರು ಲಗೇಜು ಚೀಟಿ ತಗೋ ಎಂದರೆ ಜಗಳಕ್ಕೇ ನಿಂತಳು. "ಒಳಗೆ ಗಾಳಿ ಬಿಟ್ರೆ ಏನೈತೆ? ಗಾಳಿಗೂ ಟಿಕೀಟಾ?" ಬಸ್ಸಿಗೆ ಬಸ್ಸೇ ನಕ್ಕಿತು.

ಮೋಹನ್‌ಬಾಬು ಡ್ರಮ್ಮಿನೊಳಗೆ ಮೂಗಿಟ್ಟು ಕೇಳಿದ. "ಅತ್ತೆ, ಇದ್ರಲ್ಲಿ ಏನಿಟ್ಟಿದ್ರಿ?"

ಹೋದ ವರ್ಷ ಹಿಪ್ಪುನೇರಳೆ ತೋಟಕ್ಕೆ ನುಸಿ ಬಿದ್ದಾಗ, ಹೊಡೆಯುವ ಔಷಧಿಯನ್ನು ಅದರಲ್ಲೇ ಕಲಸಿದ್ದರು. ಅವಳಿಗೆ ನೆನಪಾಯಿತು. ಆದರೆ ಅಷ್ಟು ಜಂಬದಿಂದ ತಂದ ಸಾಮಾನನ್ನು ಯಾವ ಬಾಯಲ್ಲಿ ಬೇಡವೆನ್ನುವುದು? "ಬರೀ ನೀರಪ್ಪ" ಎಂದುಬಿಟ್ಟಳು. ಉಜ್ಜಿದ್ದೀನಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು.

ಅವನು ಅಂದೇ ಡ್ರಮ್ಮಿಗೆ ತೂತು ಕೊರೆದು ಪೈಪು ಜೋಡಿಸಿದ; ಅವಳು ಮಗಳ ಮನೆಯಲ್ಲೇ ಉಳಿದುಕೊಂಡಳು. ಮೂರನೆಯ ದಿನ ಬೆಳಿಗ್ಗೆ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಟ್ಟವು. ಮಧ್ಯಾಹ್ನಕ್ಕೆ ಎರಡೂ ಮಗ್ಗುಲಾಗಿ ತೇಲಿದವು.

"ಎರಡು ಮೀನಿಗೆ ಸಮುದ್ರಾನೇ ತರ್ತೀನಿ ಅಂತ ಹೊರಟ್ರಲ್ಲ, ಆಯ್ತಾ?" ಎಂದು ಮಗಳು ಪವಿತ್ರ ಗಂಡನನ್ನು ಚುಚ್ಚಿದಳು. ಮುನಿಗಂಗಮ್ಮ ಸೊಪ್ಪು ಬಿಡಿಸುತ್ತ ಕೂತೇ ಇದ್ದಳು. ಬಿಡಿಸಿದ್ದನ್ನೇ ಮತ್ತೆ ಬಿಡಿಸಿದಳು.

ಸಂಜೆ ಅವನು ಡ್ರಮ್ಮು ತೊಳೆಯಲು ಕೂತ. "ಉಪ್ಪು ಕಲಸೋದ್ರಲ್ಲಿ ನಾನೇ ಎಡವಿದೀನಿ ಅತ್ತೆ. ಡ್ರಮ್ ಗಟ್ಟಿಯಾಗಿದೆ. ಹೊಸ ನೀರು ಮಾಡಿ ಇನ್ನೊಂದು ಜೊತೆ ತರ್ತೀನಿ."

ಇನ್ನೊಂದು ಜೊತೆ! ಅವಳ ಕೈಯಲ್ಲಿದ್ದ ಸೊಪ್ಪು ಜಾರಿತು.

"ಬ್ಯಾಡಪ್ಪ. ಅದ್ರಲ್ಲಿ ತೋಟದ ಔಷಧಿ ಕಲಸಿದ್ವಿ."

"ಬರೀ ನೀರು ಅಂದ್ರಲ್ಲ?"

"ಅಂದೆ."

ಅವನು ಕೈ ಒರೆಸಿಕೊಂಡು ಮೆಲ್ಲಗೆ ಕೇಳಿದ: "ಈ ಡ್ರಮ್ಮನ್ನ ನಿಮ್ಮ ಹುಳದ ಮನೆಯೊಳಗೆ ಬಿಡ್ತಿದ್ರಾ ಅತ್ತೆ?"

ಹೊಸಲಿನ ಹತ್ತಿರಕ್ಕೂ ಬಿಟ್ಟಿರಲಿಲ್ಲ. ಪಂಪ್‌ಸೆಟ್ಟಿನ ಹಿಂದೆ ದೂರದಲ್ಲಿ ಬಿಸಾಕಿದ್ದಳು. "ಇಲ್ಲ" ಎಂದಳು.

"ಅಮ್ಮಾ!" ಎಂದಳು ಪವಿತ್ರ. ಮೋಹನ್‌ಬಾಬು ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಪೈಪುಗಳನ್ನು ಒಂದೊಂದೇ ಬಿಚ್ಚಿ, "ನಾಳೆ ಊಟ ಮಾಡ್ಕೊಂಡು ಹೋಗಿ ಅತ್ತೆ" ಎಂದ.

ಮರುದಿನ ತೂತು ಬಿದ್ದ ಡ್ರಮ್ಮನ್ನು ಅವಳೇ ಹೊತ್ತು ಬಸ್ ಹತ್ತಿದಳು. ಅದನ್ನು ಆ ಮನೆಯಲ್ಲಿ ಬಿಟ್ಟು ಬರುವ ಮುಖ ಇರಲಿಲ್ಲ. ಅದೇ ಕಂಡಕ್ಟರು.

"ಏಮಮ್ಮಾ, ಗಾಳೀನ ವಾಪಸ್ ತಗೊಂಡ್ ಹೋಗ್ತಿದೀಯಾ?"

ಹಿಂದಿನ ಸೀಟಿನವರು ನಕ್ಕರು. ಮುನಿಗಂಗಮ್ಮ ಸೆರಗಿನ ಗಂಟು ಬಿಚ್ಚಿ, ತಲೆ ತಗ್ಗಿಸಿಕೊಂಡೇ ಕೈ ಚಾಚಿದಳು.

"ಲಗೇಜು ಚೀಟಿ ಕೊಡಪ್ಪ."