ಬಂಗುಡೆ ಅಚ್ಚು

ಊರಲ್ಲಿ, ಅಂದರೆ ಕುಂದಾಪುರದ ಕೋಡಿಯಲ್ಲಿ, ಯಾರನ್ನು ಕೇಳಿದರೂ ಒಂದೇ ಮಾತು: ‘ಪದ್ಮನಾಭನ ಮೀನಿನ ಹುಚ್ಚು ಮಗಳ ಮಾತನ್ನು ನುಂಗಿತು.’ ನಾನು ಆ ಪದ್ಮನಾಭರ ಹೆಂಡತಿ ಶಾರದಾ. ಹನ್ನೊಂದು ವರ್ಷ ಅವರ ಜೊತೆ ಬಾಳಿದವಳು. ಜನ ಹಾಗೆ ಹೇಳುವಾಗಲೆಲ್ಲ ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ. ಅದನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಅದಕ್ಕೇ ಈ ಮನುಷ್ಯ ಎಂಥವರು ಎಂಬುದನ್ನು ನಾನೇ ಹೇಳಿಬಿಡುತ್ತೇನೆ, ಬೇರೆಯವರು ಹೇಳಿದ್ದು ಸಾಕು.

ಇವರು ಹುಟ್ಟಿದ್ದು ಮೀನುಗಾರರ ಮನೆಯಲ್ಲಿ. ಆದರೆ ದೋಣಿ ಹತ್ತಿದರೆ ಸಾಕು, ಕರುಳೇ ಬಾಯಿಗೆ ಬರುವಂಥ ವಾಂತಿ! ಅಪ್ಪ, ಅಣ್ಣ ಸುಬ್ರಹ್ಮಣ್ಯ, ಇಡೀ ಕೇರಿ ನಕ್ಕಿತು. ‘ಇವನ ಕೈಯಿಂದ ಮನೆಗೆ ಒಂದು ಮೀನೂ ಬರುವುದಿಲ್ಲ’ ಎಂದು ಅಪ್ಪ ಸಾಯುವ ತನಕ ಹೇಳುತ್ತಿದ್ದರಂತೆ. ಇವರು ಐ.ಟಿ.ಐ. ಮುಗಿಸಿ ರೈಲು ಹತ್ತಿದರು. ವಡೋದರಾದ ಮಕರಪುರದಲ್ಲಿ ಪಂಪಿನ ಬಿಡಿಭಾಗ ಎರಕ ಹೊಯ್ಯುವ ಒಂದು ಕಾರ್ಖಾನೆ. ಅಲ್ಲಿ ಅಚ್ಚು ತಿದ್ದುವ ಕೆಲಸ. ಹದಿನಾಲ್ಕು ವರ್ಷದಿಂದ ಅದೇ ಕೆಲಸ, ಅದೇ ಊಟದ ಡಬ್ಬಿ.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ. ಅಣ್ಣ ಸುಬ್ರಹ್ಮಣ್ಯ ಕೋಡಿಯ ಅಳಿವೆಯಲ್ಲಿ, ಬಂಡೆಯ ಮೇಲೆ ನಿಂತು ಗಾಳ ಎಸೆಯುತ್ತಾರೆ. ದೊಡ್ಡ ಮೀನು ಮೋಸಹೋಗಲು ಗಾಳಕ್ಕೆ ಲೋಹದ ಸಣ್ಣ ಮೀನು ಕಟ್ಟಬೇಕು. ಅಂಗಡಿಯದು ಬಂಡೆಗೆ ಸಿಕ್ಕಿ ಹರಿದುಹೋದರೆ ಜೀವ ಚುರ್ ಅನ್ನುತ್ತದೆ. ‘ನಾನು ಮಾಡಿ ಕಳಿಸ್ತೇನೆ’ ಎಂದರು ಇವರು. ನಾನು ಅದಕ್ಕೆ ಸುಳ್ಳು ಮೀನು ಎಂದು ಹೆಸರಿಟ್ಟೆ.

ಮೊದಲು ಬೆರಳುದ್ದದ ಬಂಗುಡೆ ಮರಿಯೊಂದನ್ನು ಮರದಲ್ಲಿ ಕೆತ್ತಿದರು. ಅದನ್ನು ಎದುರಿಗಿಟ್ಟುಕೊಂಡು ಅಲ್ಯೂಮಿನಿಯಂ ಗಟ್ಟಿಯ ಎರಡು ಹೋಳುಗಳಲ್ಲಿ ಅರ್ಧರ್ಧ ಮೀನಿನ ಗುಂಡಿ ತೋಡಿದರು. ಹನ್ನೊಂದು ತಿಂಗಳ ಭಾನುವಾರಗಳು ಅದಕ್ಕೇ ಹೋದವು. ಬೆನ್ನ ಮೇಲಿನ ಪಟ್ಟೆ, ಕಿವಿರಿನ ಗೆರೆ, ಹೊಟ್ಟೆಯ ಸಣ್ಣ ಬಾಗು, ಎಲ್ಲ ಇತ್ತು. ಆ ಬಾಗು ಸರಿ ಬಂದರೆ ಮಾತ್ರ ನೀರಲ್ಲಿ ಮೀನು ಓಲಾಡುತ್ತದಂತೆ, ಇಲ್ಲದಿದ್ದರೆ ಗಿರಗಿರ ತಿರುಗಿ ದಾರ ಹುರಿಯಾಗುತ್ತದಂತೆ. ಬಕೆಟ್ಟಿನಲ್ಲಿ ಎಳೆದು ನೋಡುವುದು, ಮತ್ತೆ ಅರದಿಂದ ಉಜ್ಜುವುದು. ‘ನನ್ನ ಮುಖವನ್ನು ಇಷ್ಟು ಹೊತ್ತು ನೋಡಿದ್ದೀರಾ ಮಾರಾಯ್ರೆ?’ ಎಂದು ಕೇಳಿದ್ದೆ. ‘ನಿನ್ನನ್ನು ತಿದ್ದಲಿಕ್ಕೆ ಉಂಟಾ?’ ಎಂದು ನಕ್ಕಿದ್ದರು.

ಹೊಯ್ಯುವುದು ತಾರಸಿಯ ಮೇಲೆ ಮಾತ್ರ. ಟೈರಿನ ಅಂಗಡಿಯಿಂದ ತಂದ ಹಳೆ ಸೀಸ, ಹೊಳಪಿಗೆ ಸ್ವಲ್ಪ ತವರ. ಎರಡನ್ನೂ ಒಮ್ಮೆಗೇ ಕರಗಿಸಿ, ಬೆರಳಿನಷ್ಟು ದಪ್ಪದ ಗಟ್ಟಿಗಳನ್ನಾಗಿ ಮಾಡಿ ತುಪ್ಪದ ಹಳೆ ಡಬ್ಬಿಯಲ್ಲಿಡುತ್ತಿದ್ದರು. ಬೇಕಾದಾಗ ಅದನ್ನೇ ಮತ್ತೆ ಕರಗಿಸುವುದು. ಅಚ್ಚಿನ ಒಳಮೈಗೆ ಮೇಣದಬತ್ತಿಯ ಮಸಿ ಹಿಡಿಸಿ, ನಡುವೆ ತಂತಿ ಇಟ್ಟು, ಎರಡೂ ಹೋಳು ಬಿಗಿದು, ಒಂದೇ ಉಸಿರಿಗೆ ಹೊಯ್ಯಬೇಕು. ಒಂದು ಹನಿ ನೀರಿದ್ದರೂ ಕಾದ ಲೋಹ ಸಿಡಿದು ಮುಖಕ್ಕೆ ಹಾರುತ್ತದೆ. ಬಾಯಿಗೆ ಮಾಸ್ಕು, ಬೇರೆಯದೇ ಅಂಗಿ. ಕೆಲಸ ಮುಗಿದ ಮೇಲೆ ಆ ಅಂಗಿಯನ್ನು ಮೇಲೆಯೇ ಬಿಟ್ಟು, ಸ್ನಾನ ಮಾಡದೆ ಮಗಳನ್ನು ಮುಟ್ಟುತ್ತಿರಲಿಲ್ಲ. ‘ಭಟ್ಟರಿಗೂ ಇಷ್ಟು ಮಡಿ ಇಲ್ಲ’ ಎಂದು ನಾನು ಗೇಲಿ ಮಾಡುತ್ತಿದ್ದೆ. ಏಳು ವರ್ಷ ಹರಕೆ ಹೊತ್ತ ಮೇಲೆ ಹುಟ್ಟಿದ ಮಗಳು ಸಂಹಿತಾ. ಅವಳ ಕೈಗೆ ಇವರು ಕೊಟ್ಟದ್ದು ಆ ಮರದ ಬಂಗುಡೆ ಒಂದನ್ನೇ, ಸೀಸದ್ದನ್ನು ಯಾವತ್ತೂ ಕೊಡಲಿಲ್ಲ.

ಒಂದು ದಿನ ಸುಬ್ರಹ್ಮಣ್ಯ ಭಾವ ವಿಡಿಯೊ ಕರೆ ಮಾಡಿದರು. ‘ತಮ್ಮಾ, ಇಲ್ಲಿ ಕಾಣ್! ನಾಲ್ಕು ಕಿಲೋ ಕೆಂಬೇರಿ. ನಿನ್ನ ಬಂಗುಡೆಗೇ ಬಿದ್ದದ್ದು!’ ಇವರು ಫೋನಿಟ್ಟು ಒಳಗೆ ಹೋಗಿ ಅಪ್ಪನ ಫೋಟೋದ ಮುಂದೆ ಸುಮ್ಮನೆ ನಿಂತರು. ಹಾಗೆ ನಿಂತದ್ದನ್ನು ನಾನು ನೋಡಿದ್ದೇನೆ.

ತಮಾಷೆ ಎಂದರೆ, ಮೀನು ಹಿಡಿಸುವ ಈ ಮನೆಯಲ್ಲಿ ಮೀನು ಬೇಯಿಸುವ ಹಾಗಿಲ್ಲ. ಮನೆ ಕೊಡುವಾಗಲೇ ಮಾಲೀಕರು ಹೇಳಿದ್ದರು, ‘ಮಚ್ಛೀ ನಹೀಂ ಚಲೇಗೀ.’ ಆಯಿತು ಎಂದು ಒಪ್ಪಿದೆವು. ಹಾಗಾಗಿ ದಿನಾ ಸಾರು ಅನ್ನ. ನನ್ನ ಮದುವೆಗೆ ಅಮ್ಮ ಕೊಟ್ಟ ಹಿತ್ತಾಳೆ ಪಾತ್ರೆಯಲ್ಲಿ ಹುಣಸೆಹುಳಿ ಹಿಂಡಿ ಸಾರು ಮಾಡಿದರೆ, ಸಂಹಿತಾ ಲೋಟ ಹಿಡಿದು ಕುಡಿಯುತ್ತಿದ್ದಳು. ಮಧ್ಯಾಹ್ನಕ್ಕೆ ಇವರು ಕಾರ್ಖಾನೆಗೆ ಒಯ್ಯುವುದು ರೊಟ್ಟಿ ಪಲ್ಯ. ಸಾರು ಹೆಚ್ಚಾಗಿ ನನಗೆ ಮತ್ತು ಮಗುವಿಗೆ.

ಹಿತ್ತಾಳೆಗೆ ಒಳಗಿನಿಂದ ತವರದ ಕಲಾಯಿ ಬೇಕಲ್ಲ, ಇಲ್ಲದಿದ್ದರೆ ಹುಳಿ ಕಿಲುಬು ಹಿಡಿಯುತ್ತದೆ. ಹೋದ ದೀಪಾವಳಿಯ ಮುಂಚೆ ಕಲಾಯಿಯವನು ನಮ್ಮ ಬೀದಿಗೆ ಬಂದ. ಅವನ ಬಳಿ ತವರ ಮುಗಿದಿತ್ತು, ಇನ್ನೆರಡು ದಿನ ಬಿಟ್ಟು ಬರುತ್ತೇನೆ ಎಂದ. ನನಗೆಲ್ಲಿ ತಾಳ್ಮೆ! ‘ನಮ್ಮ ಮನೆಯಲ್ಲೇ ಉಂಟು’ ಎಂದು ತುಪ್ಪದ ಡಬ್ಬಿಯಿಂದ ಎರಡು ಗಟ್ಟಿ ತಂದುಕೊಟ್ಟೆ. ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು, ತವರವಲ್ಲದೆ ಇನ್ನೇನು ಎಂದುಕೊಂಡೆ. ಅವನು ಒಂದನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿದ. ಒಳ್ಳೆಯ ತವರ ಬಗ್ಗಿಸಿದರೆ ಚರಚರ ಅನ್ನುತ್ತದಂತೆ. ‘ಬೆನ್, ಆವಾಜ್ ನಹೀಂ ಆತಾ’ ಎಂದ, ಸದ್ದೇ ಬರುವುದಿಲ್ಲವಂತೆ. ಒಳಗೆ ಹಾಲು ಉಕ್ಕುತ್ತಿತ್ತು. ‘ಹಾಕು ಮಾರಾಯ, ಎಂತ ಆವಾಜು!’ ಎಂದು ಓಡಿದೆ. ಪಾತ್ರೆ ಕನ್ನಡಿಯಂತೆ ಹೊಳೆಯುತ್ತ ಬಂತು. ಇವರಿಗೆ ಹೇಳುವುದು ನೆನಪೂ ಆಗಲಿಲ್ಲ.

ಹೋಳಿಯ ಹೊತ್ತಿಗೆ ಸಂಹಿತಾಳಿಗೆ ಹೊಟ್ಟೆನೋವು ಸುರುವಾಯಿತು. ಹುಳ ಇರಬೇಕು, ದೃಷ್ಟಿ ತಾಗಿರಬೇಕು ಎಂದುಕೊಂಡೆವು. ಬಿಳಿಚಿಕೊಂಡಳು. ಮೂರೂವರೆ ವರ್ಷದ ಅವಳು ಕನ್ನಡ, ಗುಜರಾತಿ ಎಲ್ಲ ಕಲಸಿ ಪಟಪಟ ಮಾತಾಡುತ್ತಿದ್ದಳು. ಸಂಜೆ ಬೈಕಿನ ಸದ್ದು ಕೇಳಿದರೆ ‘ಪಪ್ಪಾ ಆವ್ಯಾ!’, ಅಂದರೆ ಪಪ್ಪ ಬಂದರು, ಎಂದು ಬಾಗಿಲಿಗೆ ಓಡುವುದು. ಒಂದು ಸಂಜೆ ಓಡಲಿಲ್ಲ. ಮರುದಿನವೂ ಇಲ್ಲ. ಒಂದೊಂದೇ ಮಾತು ಹೋಯಿತು. ಮೇ ತಿಂಗಳಲ್ಲಿ ಅಮ್ಮ ಎಂಬುದೂ ಹೋಯಿತು.

ರಕ್ತದಲ್ಲಿ ಸೀಸ ಎಂದರು ಡಾಕ್ಟರು. ಅವರು ಹಿಂದಿಯಲ್ಲಿ ಒಂದೊಂದಾಗಿ ಕೇಳಿದರು: ಮನೆಯಲ್ಲಿ ಹಳೆ ಬಣ್ಣ ಉಂಟಾ, ನಾಟಿ ಮದ್ದು ಕೊಟ್ಟಿದ್ದೀರಾ, ಕಲಾಯಿಯ ಪಾತ್ರೆ ಉಂಟಾ. ಕಲಾಯಿ ಎಂದ ಕ್ಷಣ ಆ ಎರಡು ಗಟ್ಟಿ, ಅದರ ಮೇಲೆ ಕುದಿದ ಹುಳಿ ಸಾರು ಕಣ್ಣಿಗೆ ಬಂತು. ನಾನು ಬಾಯಿ ತೆರೆಯುವ ಮೊದಲೇ ಇವರು ಎದ್ದು ನಿಂತರು, ‘ನಾನು, ಸಾಹೇಬ್. ಸೀಸ ಕರಗಿಸುವುದು ನಾನು.’ ಡಾಕ್ಟರು ಬೈದರು, ಚೆನ್ನಾಗಿ ಬೈದರು. ಇವರು ತಲೆ ತಗ್ಗಿಸಿ ನಿಂತಿದ್ದರು. ನಾನು ಮಗುವನ್ನು ಎದೆಗೆ ಒತ್ತಿಕೊಂಡು ಕೂತಿದ್ದೆ. ಬಾಯಿ ಬಿಡಲಿಲ್ಲ.

ಆವತ್ತೇ ಸಂಜೆ ಸಾರಿನ ಪಾತ್ರೆ ಅಡುಗೆಮನೆಯಿಂದ ಕಾಣೆಯಾಯಿತು. ತುಪ್ಪದ ಡಬ್ಬಿಯೂ ಹೋಗಿತ್ತು. ಲೋಹದ್ದೆಲ್ಲ ಸಾಗಿಸಿಬಿಟ್ಟರು ಎಂದುಕೊಂಡೆ. ಒಳಗೊಳಗೇ ನಿರಾಳವಾಯಿತು ಎಂದರೆ ನಂಬುತ್ತೀರಾ? ನಾನು ಅಂಥವಳು. ವಾರದ ನಂತರ ನಮ್ಮಿಬ್ಬರ ರಕ್ತದ ವರದಿ ಬಂತು. ನನ್ನದು ಇವರದಕ್ಕಿಂತ ಹೆಚ್ಚಿತ್ತು. ಡಾಕ್ಟರು ಹುಬ್ಬೇರಿಸಿದರು. ‘ನನ್ನ ಬಟ್ಟೆ ಒಗೆಯುವವಳು ಇವಳೇ ಅಲ್ವಾ’ ಎಂದುಬಿಟ್ಟರು ಇವರು. ತಾರಸಿಯ ಆ ಅಂಗಿಯನ್ನು ಒಂದು ದಿನವೂ ನನ್ನ ಕೈಗೆ ಕೊಟ್ಟವರಲ್ಲ.

ಮಾತ್ರೆ ಕೊಟ್ಟರು, ಆಸ್ಪತ್ರೆಯಲ್ಲಿಟ್ಟುಕೊಂಡರು. ರಕ್ತದಲ್ಲಿ ಸೀಸ ಇಳಿಯಿತು, ಹೊಟ್ಟೆನೋವು ನಿಂತಿತು. ಮಾತು? ‘ಹೋದದ್ದು ಎಷ್ಟು ತಿರುಗಿ ಬರುತ್ತದೆ ಎಂದು ಹೇಳಲಿಕ್ಕಾಗದು, ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ’ ಎಂದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅತ್ತೆ ಫೋನಿನಲ್ಲಿ ಮಗನಿಗೆ ಶಾಪ ಹಾಕಿದರು, ‘ನಿನ್ನಪ್ಪ ಹೇಳಿದ್ದು ಸುಳ್ಳಲ್ಲ. ನಿನ್ನ ಕೈಯಿಂದ ಈ ಮನೆಗೆ ಒಳ್ಳೇದು ಬರೂದಿಲ್ಲ.’ ಸುಬ್ರಹ್ಮಣ್ಯ ಭಾವ ಉಳಿದ ಸುಳ್ಳು ಮೀನುಗಳನ್ನೆಲ್ಲ ಅಳಿವೆಗೆ ಎಸೆದರಂತೆ. ಇವರು ‘ಹ್ಞೂಂ’ ಎಂದು ಫೋನಿಟ್ಟರು.

ಕಳೆದ ಭಾನುವಾರ ಬೆಳಿಗ್ಗೆ ತಾರಸಿಯಲ್ಲಿ ಅರದ ಸದ್ದು. ಹತ್ತಿ ಹೋಗಿ ನೋಡಿದರೆ, ಇವರು ಅಚ್ಚಿನ ಒಂದು ಹೋಳನ್ನು ಕಾಲಿನ ನಡುವೆ ಒತ್ತಿಹಿಡಿದು ಉಜ್ಜುತ್ತಿದ್ದಾರೆ. ಬೆನ್ನಿನ ಪಟ್ಟೆ ಆಗಲೇ ಹೋಗಿತ್ತು. ಕಿವಿರಿನ ಗೆರೆ ಹೋಗುತ್ತಿತ್ತು.

‘ಎಂತ ಮಾಡ್ತಿದ್ದೀರಿ! ಗುಜರಿಗೆ ಹಾಕಿದರೆ ಆಗದಾ?’

‘ಬೇರೆ ಯಾರೋ ತಕೊಂಡು ಸೀಸ ಹೊಯ್ತಾರೆ ಶಾರದಾ. ಅವರ ಮನೆಯಲ್ಲೂ ಮಕ್ಕಳಿರ್ತವೆ.’

ಹನ್ನೊಂದು ತಿಂಗಳು ಕೆತ್ತಿದ ಮೀನು ಪುಡಿಪುಡಿಯಾಗಿ ಅವರ ಲುಂಗಿಯ ಮೇಲೆ ಬೀಳುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಅಲ್ಲೇ ಕೂತು ಅಳುತ್ತಾ ಎಲ್ಲ ಹೇಳಿದೆ. ಕಲಾಯಿಯವನು, ಎರಡು ಗಟ್ಟಿ, ಉಕ್ಕುತ್ತಿದ್ದ ಹಾಲು. ‘ನಿಮ್ಮ ತಪ್ಪಲ್ಲ, ಮಗುವಿಗೆ ವಿಷ ಉಣ್ಣಿಸಿದವಳು ನಾನು!’

ಅರ ನಿಲ್ಲಲಿಲ್ಲ.

‘ಗೊತ್ತುಂಟು’ ಎಂದರು. ‘ಡಬ್ಬಿಯಲ್ಲಿ ಹನ್ನೆರಡು ಇತ್ತು, ಹತ್ತಾಗಿತ್ತು. ಆಸ್ಪತ್ರೆಯಿಂದ ಬಂದ ದಿನವೇ ಪಾತ್ರೆ ಕೆರೆದು ನೋಡಿದೆ, ನನ್ನದೇ ಸೀಸ.’

‘ಮತ್ತೆ ಯಾಕೆ ಹೇಳಲಿಲ್ಲ? ಎಲ್ಲರ ಕೈಯಲ್ಲೂ ಬೈಸಿಕೊಂಡಿರಲ್ಲ!’

ಅರವನ್ನು ಕೆಳಗಿಟ್ಟು, ಬೆರಳಿನಿಂದ ಗುಂಡಿಯನ್ನು ಸವರಿ ನೋಡಿದರು. ಮೀನು ಇರಲಿಲ್ಲ. ‘ಹೇಳಿದರೆ ಎಂತ ಬರ್ತದೆ? ನನ್ನನ್ನು ಬೈದರೆ ಬೈಯಲಿ. ಮಗು ನಾಳೆಯೂ ನಿನ್ನ ಕೈಯಲ್ಲೇ ಉಣ್ಣಬೇಕಲ್ಲ.’

ಅತ್ತೆಗೆ ಈಗಲೇ ಹೇಳುತ್ತೇನೆ ಎಂದು ಫೋನ್ ತೆಗೆದೆ. ಇವರು ಕೈಯಿಂದ ಕಿತ್ತುಕೊಂಡು ಜೇಬಿಗಿಟ್ಟುಕೊಂಡರು. ಎರಡನೆಯ ಹೋಳನ್ನು ಎತ್ತಿಕೊಂಡು ಉಜ್ಜತೊಡಗಿದರು.

ಮಧ್ಯಾಹ್ನ ಸ್ಟೀಲಿನ ಪಾತ್ರೆಯಲ್ಲಿ ಸಾರು ಮಾಡಿದೆ. ಸಂಹಿತಾ ಮರದ ಬಂಗುಡೆಯನ್ನು ಮುಷ್ಟಿಯಲ್ಲಿ ಹಿಡಿದು ಗೋಡೆ ನೋಡುತ್ತ ಕೂತಿದ್ದಳು. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಅನ್ನ ಕಲಸಿ ತುತ್ತು ಮಾಡಿ ಅವಳ ಮುಂದೆ ಹಿಡಿದೆ. ಅವಳು ನನ್ನ ಮುಖವನ್ನೂ ನೋಡದೆ ಬಾಯಿ ತೆರೆದಳು.