ಸೀಮೆಸುಣ್ಣದ ರೆಕ್ಕೆ

ವಿಮಾನವನ್ನು ಕಟ್ಟುವವರಿದ್ದಾರೆ, ಹಾರಿಸುವವರಿದ್ದಾರೆ, ಅದು ಸುಖವಾಗಿ ಇಳಿದಾಗ ಹೊಗಳಿಸಿಕೊಳ್ಳುವವರೂ ಇದ್ದಾರೆ. ಬಿದ್ದ ವಿಮಾನದ ಬಳಿಗೆ ಹೋಗಿ, ಮಣ್ಣಿನಿಂದ ಅದರ ಚೂರುಗಳನ್ನು ಒಂದೊಂದಾಗಿ ಎತ್ತಿ ತಂದು, ನೆಲದ ಮೇಲೆ ಮತ್ತೆ ಅದೇ ಆಕಾರಕ್ಕೆ ಹರಡಿ, ‘ನೀನು ಯಾಕೆ ಬಿದ್ದೆ?’ ಎಂದು ತಾಳ್ಮೆಯಿಂದ ಕೇಳುವವರು ಮಾತ್ರ ಬೆರಳೆಣಿಕೆಯಷ್ಟು ಮಂದಿ. ಅಂಥವರಲ್ಲಿ ಹಿರಿಯರೂ, ಆ ಕಠಿಣ ಕೆಲಸಕ್ಕೆ ಮರ್ಯಾದೆ ತಂದುಕೊಟ್ಟವರೂ, ಇಲಾಖೆಯಲ್ಲೆಲ್ಲ ‘ಗೋಂದಿನ ಸಾಹೇಬರು’ ಎಂದೇ ಹೆಸರಾದವರೂ ಆದ ಮಹನೀಯರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ.

ಈ ಅಭಿನಂದನ ಸಂಪುಟದಲ್ಲಿ ಬರೆದ ಉಳಿದವರು ಅವರ ಜೊತೆ ದುಡಿದವರು, ಇಲ್ಲವೇ ಅವರಿಂದ ಕಲಿತವರು. ಈ ಲೇಖನ ಬರೆಯುತ್ತಿರುವ ಮುದುಕ ಎರಡೂ ಅಲ್ಲ. ಅಚ್ಚುಕೂಟದಲ್ಲಿ ಊರವರ ತಪ್ಪು ತಿದ್ದುತ್ತ ಆಯುಷ್ಯ ಕಳೆದವನು. ವಿಮಾನದ ಮೆಟ್ಟಿಲನ್ನೂ ಹತ್ತಿದವನಲ್ಲ. ಸಾಹೇಬರು ನೆಲದ ಮೇಲೆ ಹರಡಿದ ವಿಮಾನಗಳ ಪೈಕಿ ಒಂದರಲ್ಲಿ ಅವನ ಒಬ್ಬನೇ ಮಗ ಇದ್ದ. ಪರಿಚಯವಾದದ್ದು ಹಾಗೆ. ಅಂಥ ಪರಿಚಯವನ್ನು ದೇವರು ಹಗೆಯವನಿಗೂ ಕೊಡದಿರಲಿ.

ಸಾಹೇಬರು ಹುಟ್ಟಿದ್ದು ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ. ಅಪ್ಪ ಅಂಗಡಿ ಬಿಟ್ಟು ಕದಲಿದವರಲ್ಲ. ಲೋಕ ಸುತ್ತಿದವರು ಸೋದರಮಾವ, ಹಡಗಿನಲ್ಲಿ ಅಡುಗೆಯವರು. ವರ್ಷಕ್ಕೊಮ್ಮೆ, ಹುಡುಗನ ಹುಟ್ಟಿದ ದಿನದ ಆಸುಪಾಸಿಗೆ, ಕಂಕುಳಲ್ಲಿ ಒಂದು ಪೆಟ್ಟಿಗೆ ಇಟ್ಟುಕೊಂಡು ಅವರು ಬರುತ್ತಿದ್ದರು. ಮೊದಲು ಬಂದದ್ದು ತಗಡಿನ ವಿಮಾನ. ಹಿಂದಕ್ಕೆಳೆದು ಬಿಟ್ಟರೆ ಕಿಡಿ ಹಾರಿಸುತ್ತ ಹೋಗಿ ಗೋಡೆಗೆ ಮೂತಿ ಗುದ್ದಿಕೊಳ್ಳುತ್ತಿತ್ತು. ಆಮೇಲೆ ರಬ್ಬರ್ ಬ್ಯಾಂಡ್ ತಿರುಚಿ ಬಿಡುವ ಕಾಗದದ ರೆಕ್ಕೆಯದು. ಕೈ ಕುದುರಿದ ಮೇಲೆ ಬಿಡಿ ಚೂರುಗಳನ್ನು ಜೋಡಿಸಿ ಅಂಟಿಸುವ ವಿಮಾನ. ಪೆಟ್ಟಿಗೆಯ ಮುಚ್ಚಳದ ಮೇಲೆ ಮೋಡ ಸೀಳಿಕೊಂಡು ಬರುವ ಬಣ್ಣದ ಚಿತ್ರ. ಮುಚ್ಚಳ ತೆಗೆದರೆ ಒಳಗೆ ಮೀನಿನ ಮುಳ್ಳಿನ ಹಾಗೆ ಪ್ಲಾಸ್ಟಿಕ್ ಕಡ್ಡಿಗೆ ಕಚ್ಚಿಕೊಂಡ ಬೂದು ಚೂರುಗಳು. ಅವನ್ನು ಬಿಡಿಸಲು ಅಮ್ಮನ ಕತ್ತರಿ, ರೆಕ್ಕೆಗೆ ಅಂಟಿಸುವ ಬಣ್ಣದ ಗುರುತಿನ ಚೀಟಿಗಳನ್ನು ನೀರಿನಲ್ಲಿ ನೆನೆಹಾಕಲು ಅಮ್ಮನ ಸಾಸರು, ಒಣಗಿಸಲು ಅಮ್ಮನ ಕಿಟಕಿ.

“ಮನೆಯೆಲ್ಲ ಗೋಂದಿನ ನಾತ. ಅವನಿಗೊಂದು ಅಂಗಿ ತಂದಿದ್ರೆ ಆಗ್ತಿರಲಿಲ್ವೇನೋ?” ಎಂದು ಅಮ್ಮ ತಮ್ಮನನ್ನು ಬೈಯುತ್ತಿದ್ದರಂತೆ.

“ಇರ್ಲಿ ಬಿಡಕ್ಕ. ಗೋಂದು ಹಿಡಿದ ಕೈ ಕಲ್ಲು ಹಿಡಿಯಲ್ಲ.”

ಒಂದು ವರ್ಷ ಆತುರಕ್ಕೆ ಬಿದ್ದ ಹುಡುಗ, ಪೈಲಟ್ ಗೊಂಬೆಯನ್ನು ಒಳಗೆ ಕೂರಿಸದೆಯೇ ವಿಮಾನದ ಎರಡು ಹೋಳು ಸೇರಿಸಿ ಅಂಟಿಸಿಬಿಟ್ಟ. ಕಡಲೆ ಬೇಳೆ ಗಾತ್ರದ ಪೈಲಟ್ ಮೇಜಿನ ಮೇಲೆ ಉಳಿದ. ಹುಡುಗನ ಮುಖ ಕಿವುಚಿಕೊಂಡದ್ದನ್ನು ನೋಡಿ ಮಾವ, “ಅಳೋದ್ಯಾಕೋ? ಇವನೊಬ್ಬ ಬಚಾವಾದ ಅನ್ಕೋ” ಎಂದು ನಗಿಸಿ, ಆಮೇಲೆ ನಗು ಬಿಟ್ಟು ಒಂದು ಮಾತು ಹೇಳಿದರು: “ಎಲ್ಲ ಚೂರನ್ನೂ ಹರಡಿ ನೋಡೋ ತನಕ ಗೋಂದಿನ ಮುಚ್ಚಳ ತೆಗೀಬೇಡ.”

ಮರುವರ್ಷ ಮಾವ ಬರಲಿಲ್ಲ. ಅವರ ಹಡಗೂ ಯಾವ ಬಂದರಿಗೂ ಬರಲಿಲ್ಲ. ದೊಡ್ಡವರು ಹುಡುಗನಿಗೆ, “ಮುಂದಿನ ವರ್ಷ ಬರ್ತಾರೆ” ಎಂದರು. ಅದರ ಮುಂದಿನ ವರ್ಷವೂ ಅದೇ ಮಾತು. ಹುಡುಗ ಪ್ರತಿ ಸಲ ಮೇಜಿನ ಮೇಲೆ ಹಳೆಯ ಕಾಗದ ಹಾಸಿ, ಸಾಸರಿಗೆ ನೀರು ಹಾಕಿಟ್ಟು, ಅಂಗಡಿಯ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದ. ಕೊನೆಗೆ ಬೀದಿಯ ಹುಡುಗನೊಬ್ಬ ಆಟದ ಜಗಳದಲ್ಲಿ, “ನಿನ್ನ ಮಾವನ್ನ ಮೀನು ತಿಂದಾಯ್ತು, ಹೋಗೋ” ಎಂದಾಗಲೇ ಅವನಿಗೆ ನಿಜ ತಿಳಿದದ್ದು. ತಮಗಾದ ನೋವಿಗಿಂತ, ತಾವು ಅಷ್ಟು ವರ್ಷ ಸಾಸರಿಗೆ ನೀರು ತುಂಬುವುದನ್ನು ಮನೆಯವರೆಲ್ಲ ಸುಮ್ಮನೆ ನೋಡುತ್ತಿದ್ದರಲ್ಲ ಎಂಬುದೇ ತಮ್ಮನ್ನು ಹೆಚ್ಚು ಸುಟ್ಟಿತು ಎಂದು ಸಾಹೇಬರು ಒಮ್ಮೆ ಈ ಮುದುಕನಿಗೆ ಹೇಳಿದ್ದಾರೆ.

ಓದು ಮುಗಿಸಿ ಅವರು ವಿಮಾನ ರಿಪೇರಿಯ ಶೆಡ್ಡಿಗೆ ಸೇರಿದರು. ಕೆಲವು ವರ್ಷಗಳಲ್ಲಿ ಅಪಘಾತ ತನಿಖೆಯ ವಿಭಾಗಕ್ಕೆ ಬಂದರು. ಕೊನೆಯವರೆಗೂ ಅಲ್ಲೇ ಉಳಿದರು. ದೊಡ್ಡ ಶೆಡ್ಡಿನ ನೆಲದ ಮೇಲೆ, ಬಿದ್ದ ವಿಮಾನದ ಗಾತ್ರಕ್ಕೆ ಸರಿಯಾಗಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು, ಸಿಕ್ಕ ಚೂರನ್ನು ಅದರದರ ಜಾಗದಲ್ಲಿಡುವುದು, ಸಿಗದಿದ್ದರ ಜಾಗವನ್ನು ಹಾಗೆಯೇ ಬಿಡುವುದು ಅಲ್ಲಿಯ ಪದ್ಧತಿ. ಖಾಲಿ ಜಾಗದ ಮೇಲೆ ಯಾರಾದರೂ ಕಾಲಿಟ್ಟರೆ ಸಾಹೇಬರು, “ಸುತ್ತಿ ಬನ್ನಿ, ಅಲ್ಲಿ ರೆಕ್ಕೆ ಇದೆ” ಎನ್ನುತ್ತಿದ್ದರು. ವಿಚಾರಣೆ ಮುಗಿಯುವ ಮೊದಲೇ ಯಾರದೋ ತಪ್ಪೆಂದು ತೀರ್ಮಾನ ಮಾಡಲು ಹೊರಟ ಕಿರಿಯರಿಗೆ, “ಗೋಂದಿನ ಮುಚ್ಚಳ ತೆಗೀಬೇಡಿ” ಎನ್ನುತ್ತಿದ್ದರು. ಅಡ್ಡಹೆಸರು ಬಂದದ್ದು ಅದರಿಂದ.

ಇನ್ನು ಮುದುಕನ ಮನೆಯ ಮಾತು. ಅವನ ಮಗನೂ ಚಿಕ್ಕಂದಿನಲ್ಲಿ ವಿಮಾನದ ಹುಚ್ಚಿನವನೇ. ಅವನ ಓದುವ ಮೇಜಿನ ಮೇಲೆ ಪುಸ್ತಕದ ಗುರುತಿಗಿಂತ ಗೋಂದಿನ ಕಲೆಯೇ ಹೆಚ್ಚು. ದೊಡ್ಡವನಾಗಿ ನೀರೆತ್ತುವ ಪಂಪುಗಳ ಕೆಲಸ ಹಿಡಿದು ಊರೂರು ಓಡಾಡುತ್ತಿದ್ದ. ಕೊನೆಯ ಸಲ ಹೋದಾಗ, ಆಗತಾನೇ ಶಾಲೆಗೆ ಸೇರಿದ್ದ ತನ್ನ ಮಗಳು ಪುಟ್ಟಿಗೆ ಫೋನಿನಲ್ಲಿ, “ನಿನಗೊಂದು ವಿಮಾನ ತಗೊಂಡಿದೀನಿ. ನಾನು ಬಂದ್ಮೇಲೆ ಇಬ್ಬರೂ ಕೂತು ಅಂಟಿಸೋಣ” ಎಂದಿದ್ದ. ಅವನ ವಿಮಾನ ಮರುದಿನ ಕೆಸರು ಗದ್ದೆಯಲ್ಲಿ ಬಿತ್ತು. ಮನೆಗೆ ಬಂದದ್ದು ತೆರೆಯಬಾರದೆಂದು ಮೊಹರು ಹಾಕಿದ ಪೆಟ್ಟಿಗೆ. ಪುಟ್ಟಿಯನ್ನು ಅವತ್ತು ನೆರೆಮನೆಯಲ್ಲಿ ಬಿಟ್ಟಿದ್ದರು. ಅವಳಿಗೆ ಹೇಳಲು ಸೊಸೆಗೆ ಬಾಯಿ ಬರಲಿಲ್ಲ, ಮುದುಕನಿಗೂ ಬರಲಿಲ್ಲ. “ಅಪ್ಪ ಯಾವಾಗ ಬರ್ತಾರೆ?” ಎಂದರೆ, “ಕೆಲಸ ಮುಗೀಲಿ” ಎನ್ನುತ್ತಿದ್ದರು. ಮುದುಕ ದೇವರ ಮುಂದೆ ಕೂತು ದಿನಾ ಕೇಳುತ್ತಿದ್ದದ್ದು ಒಂದೇ: ‘ಈ ಮಗುವಿಗೆ ನೀನೇ ಹೇಳು.’

ಅತ್ತ ಶೆಡ್ಡಿನಲ್ಲಿ ಒಂದು ವಿಚಿತ್ರ ನಡೆಯಿತು. ಗದ್ದೆಯಲ್ಲಿ ಸಿಕ್ಕ ಪ್ರತಿ ಚೂರಿನ ಪಕ್ಕ, ಗಾತ್ರ ತಿಳಿಯಲೆಂದು, ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಬೇಕು. ಕಿರಿಯ ಎಂಜಿನಿಯರೊಬ್ಬರು ಒಂದು ಚೂರಿಗೆ ಪಟ್ಟಿ ಇಡಲು ಮರೆತರು. (ಅವರೇ ಈಗ ಈ ಸಂಪುಟದ ಸಂಪಾದಕರು, ಈ ಸಂಗತಿ ಬರೆಯಲು ನಗುತ್ತ ಒಪ್ಪಿಗೆ ಕೊಟ್ಟಿದ್ದಾರೆ.) ಫೋಟೊದಲ್ಲಿ ಕೆಸರು ಮೆತ್ತಿದ ಬಾಲವೊಂದು ಸ್ಪಷ್ಟವಾಗಿ ಕಾಣುತ್ತಿತ್ತು. ನೂರಾರು ಚೂರುಗಳಲ್ಲಿ ಅದು ಯಾವುದೆಂದು ಫೋಟೊ ತೆಗೆದವರಿಗೂ ನೆನಪಿರಲಿಲ್ಲ. ಬಿದ್ದ ವಿಮಾನದ ಬಾಲವೋ, ಆಗಲೇ ಗೆರೆಯೊಳಗೆ ಬಂದು ಕೂತಿತ್ತು. “ನಮ್ಮ ವಿಮಾನಕ್ಕೆ ಎರಡು ಬಾಲ ಇತ್ತಾ ಸಾರ್?” ಎಂದು ಒಬ್ಬರು, “ಇನ್ನೊಂದು ವಿಮಾನ ಬಂದು ಗುದ್ದಿರಬೇಕು” ಎಂದು ಮತ್ತೊಬ್ಬರು. ಒಂದು ಹಗಲೆಲ್ಲ ಇಡೀ ಕಚೇರಿಯೇ, ಇಲ್ಲದ ವಿಮಾನವೊಂದನ್ನು ಹುಡುಕಿತು. ಸಂಜೆ ಸಾಹೇಬರು ಆ ಚೂರನ್ನೇ ತರಿಸಿದರು. ಅದು ಅಂಗೈಯೊಳಗೆ ಅಡಗುವಷ್ಟಿತ್ತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಸಾಹೇಬರೂ ನಕ್ಕರು. ನಗುತ್ತಲೇ ಅದರ ಅಂಚನ್ನು ಬೆರಳಿನಿಂದ ಸವರಿದಾಗ, ಮಾವ ತರುತ್ತಿದ್ದ ಚೂರುಗಳಲ್ಲಿದ್ದಂಥ, ಪ್ಲಾಸ್ಟಿಕ್ ಕಡ್ಡಿಯಿಂದ ಮುರಿದ ಪುಟ್ಟ ಮೊನೆಯೊಂದು ಚುಚ್ಚಿತು. ಅವರ ನಗು ಅಲ್ಲಿಗೆ ನಿಂತಿತು.

“ಇದನ್ನ ಯಾರೋ ಯಾರಿಗೋ ತಗೊಂಡು ಹೋಗ್ತಾ ಇದ್ರು” ಎಂದರು.

ತನಿಖೆಗೆ ಸಂಬಂಧವಿಲ್ಲದ ವಸ್ತು, ಎಸೆಯಿರಿ ಎಂದು ಮೇಲಿನವರು ಹೇಳಿದರು. ಸಾಹೇಬರು ಎಸೆಯಲಿಲ್ಲ. “ಬಾಲ ಸಿಕ್ಕಿದ ಮೇಲೆ ಉಳಿದದ್ದೆಲ್ಲಿ ಅಂತ ಕೇಳೋದೇ ಅಲ್ವಾ ನಮ್ಮ ಕೆಲಸ?” ಎಂದು, ರಜೆಯ ದಿನಗಳಲ್ಲಿ ಗದ್ದೆಗೆ ಹೋಗಿ ಮೊಣಕಾಲೂರಿ ಕೆಸರು ಜಾಲಿಸಿದರು. ಒಂದು ರೆಕ್ಕೆಯ ಹೊರತು ಉಳಿದದ್ದೆಲ್ಲ ಸಿಕ್ಕಿತು. ಆಮೇಲೆ, ತೀರಿಕೊಂಡವರ ಮನೆಗಳಿಗೆ ಒಂದೊಂದಾಗಿ ಫೋನು ಮಾಡಿದರು.

ಮುದುಕ ಫೋನು ಎತ್ತಿದಾಗ ಅವನ ಕಿವಿಗೆ ಬಿದ್ದ ಮೊದಲ ಪ್ರಶ್ನೆ, “ನಿಮ್ಮ ಮಗ ಆಟದ ವಿಮಾನ ಏನಾದ್ರೂ ತರ್ತಾ ಇದ್ರಾ?”

“ಯಾರ್ರೀ ನೀವು? ಬಿದ್ದ ವಿಮಾನ ಸಾಲ್ದು ಅಂತ ಆಟದ ವಿಮಾನ ಬೇರೆ ತಂದ್ರಾ? ಮನುಷ್ಯರೇನ್ರೀ ನೀವು?”

ಬೈದು ಬೈದು ಉಸಿರು ಮುಗಿದ ಮೇಲೆ ಮುದುಕ ತಾನೇ, “ಹೌದು, ತರ್ತಿದ್ದ” ಎಂದ.

ಸಾಹೇಬರು ರಟ್ಟಿನ ಪೆಟ್ಟಿಗೆ ಹಿಡಿದು ಬಂದಾಗ ಮುದುಕ ಅವರನ್ನು ಗೇಟಿನಲ್ಲೇ ತಡೆದ. “ಮಗುಗೆ ವಿಷಯ ಗೊತ್ತಿಲ್ಲ. ದಯವಿಟ್ಟು ಏನೂ ಹೇಳ್ಬೇಡಿ.”

“ನಾನಾಗಿ ಹೇಳಲ್ಲ ಯಜಮಾನ್ರೇ. ಅವಳೇ ಕೇಳಿದ್ರೆ ಸುಳ್ಳು ಹೇಳಕ್ಕೆ ನನ್ನಿಂದ ಆಗಲ್ಲ. ಬೇಡ ಅಂದ್ರೆ ಪೆಟ್ಟಿಗೆ ನಿಮ್ಮ ಕೈಗೆ ಕೊಟ್ಟು ಹೋಗ್ತೀನಿ.”

ಮುದುಕನ ಕೈ ಇನ್ನೂ ಗೇಟಿನ ಚಿಲಕದ ಮೇಲೇ ಇತ್ತು. ಅಷ್ಟರಲ್ಲಿ ಪುಟ್ಟಿ ಓಡಿಬಂದು ಪೆಟ್ಟಿಗೆ ನೋಡಿಬಿಟ್ಟಳು.

ಮಗನ ಹಳೆಯ ಮೇಜಿನ ಮೇಲೆ ಸಾಹೇಬರು ಕಾಗದ ಹಾಸಿ, ತೊಳೆದು ಒರೆಸಿದ ಚೂರುಗಳನ್ನು ಹರಡಿದರು. ಪೈಲಟ್ಟನ್ನು ಮೊದಲು ಒಳಗೆ ಕೂರಿಸಿದರು. ಗೋಂದಿನ ಮುಚ್ಚಳಕ್ಕೆ ಕೈ ಹಾಕಿದಾಗ ಪುಟ್ಟಿ ಅವರ ಕೈ ಹಿಡಿದಳು.

“ಅಂಟಿಸ್ಬೇಡಿ. ಅಪ್ಪ ಬಂದ್ಮೇಲೆ ಅಂಟಿಸೋದು.”

ಸಾಹೇಬರು ಮುಚ್ಚಳದಿಂದ ಕೈ ತೆಗೆದರು.

“ಅಪ್ಪ ಯಾವಾಗ ಬರ್ತಾರೆ ಅಂತ ನಿಮಗೆ ಗೊತ್ತಾ? ಇವರಿಗೆ ಯಾರಿಗೂ ಗೊತ್ತಿಲ್ಲ.”

ಅಡುಗೆಮನೆಯ ಬಾಗಿಲಲ್ಲಿ ಸೊಸೆ ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದಳು. ಸಾಹೇಬರು ಒಮ್ಮೆ ಅವಳನ್ನು, ಒಮ್ಮೆ ಮುದುಕನನ್ನು ನೋಡಿದರು. ಇಬ್ಬರೂ ಬೇಡವೆನ್ನಲಿಲ್ಲ.

“ಬರಲ್ಲ ಮಗೂ. ಅಪ್ಪ ಕೂತಿದ್ದ ವಿಮಾನ ಬಿತ್ತು. ಅದರಲ್ಲಿದ್ದೋರೆಲ್ಲ ತೀರಿಕೊಂಡ್ರು. ಅಪ್ಪನೂ.”

“ಹುಡುಕಿದ್ರಾ?”

“ಹುಡುಕಿದ್ವಿ. ಸಿಕ್ಕಿದ್ರು. ಜೀವ ಇರಲಿಲ್ಲ.”

ಪುಟ್ಟಿ ಅಳಲಿಲ್ಲ. ಚೂರುಗಳನ್ನೇ ನೋಡುತ್ತ ಕೂತಳು. ಆಮೇಲೆ, “ಹಾಗಾದ್ರೆ ನೀವೇ ಅಂಟಿಸಿ” ಎಂದಳು.

ಅಂಟಿಸಿದರು. ಇಲ್ಲದ ರೆಕ್ಕೆಯ ಕಡೆ ಅವಳು ಬೆರಳು ತೋರಿಸಿದಾಗ, ಕಾಗದ ಸರಿಸಿ, ಜೇಬಿನಿಂದ ಸೀಮೆಸುಣ್ಣ ತೆಗೆದು, ಮೇಜಿನ ಮರದ ಮೇಲೇ ಆ ರೆಕ್ಕೆಯ ಆಕಾರಕ್ಕೆ ಗೆರೆ ಎಳೆದು ವಿಮಾನವನ್ನು ಅದಕ್ಕೆ ತಾಗಿಸಿಟ್ಟರು. “ಸಿಗದಿದ್ದಕ್ಕೆ ನಾವು ಹೀಗೆ ಜಾಗ ಬಿಡ್ತೀವಿ.” ಪುಟ್ಟಿಯ ಅಳು ಒಡೆದದ್ದು ಆಗ. ತಾಯಿ ಬಂದು ಬಾಚಿಕೊಂಡಳು. ಅಷ್ಟು ದಿನ ಬೇರೆ ಬೇರೆಯಾಗಿ ಅಳುತ್ತಿದ್ದ ಮನೆ ಅವತ್ತು ಒಟ್ಟಿಗೆ ಅತ್ತಿತು.

ಹೊರಡುವಾಗ ಸಾಹೇಬರಿಗೆ ಬೂಟಿನ ದಾರ ಕಟ್ಟಿಕೊಳ್ಳಲಾಗಲಿಲ್ಲ. ಮೆಟ್ಟಿಲ ಮೇಲೆ ಕೂತು, “ಇವತ್ತು ಗೋಂದು ಹೆಚ್ಚಾಯ್ತು, ಕೈ ನಿಲ್ಲಲಿಲ್ಲ” ಎಂದರು. ಆ ವಿಮಾನದ ಕೊರಳಲ್ಲಿ ಗೋಂದಿನ ಹನಿಯೊಂದು ಇಂದಿಗೂ ಹಾಗೆಯೇ ಹೆಪ್ಪುಗಟ್ಟಿದೆ. ದೇವರು ತಾನಾಗಿ ಬಾಯಿ ಬಿಡುವುದಿಲ್ಲ. ಯಾರದೋ ಬಾಯಿಯನ್ನು ಎರವಲು ಪಡೆಯುತ್ತಾನೆ. ಎರವಲು ಕೊಟ್ಟವರಿಗೆ ಅದರ ಭಾರ ಎಷ್ಟೆಂದು ಮುದುಕ ಅವತ್ತು ಆ ಮೆಟ್ಟಿಲ ಮೇಲೆ ಕಂಡ.

ಆ ವಿಮಾನ ಯಾಕೆ ಬಿತ್ತೆಂದು ಸಾಹೇಬರು ಕಂಡುಹಿಡಿದರು. ಅದರಿಂದ ಬೇರೆ ವಿಮಾನಗಳು ಬೀಳದೆ ಉಳಿದವೆಂದು ತಿಳಿದವರು ಇದೇ ಸಂಪುಟದಲ್ಲಿ ಬರೆದಿದ್ದಾರೆ. ಮುದುಕನಿಗೆ ತಿಳಿದಿರುವುದು ಮೇಜಿನ ವಿಷಯವೊಂದೇ. ಮೇಜು ಒರೆಸಿದಾಗಲೆಲ್ಲ ಗೆರೆ ಅಳಿಸಿಹೋಗುತ್ತದೆ. ಅವನು ಮತ್ತೆ ಎಳೆಯುತ್ತಾನೆ. ಈಗ ಅಮ್ಮನ ಭುಜ ಮೀರಿ ಬೆಳೆದಿರುವ ಪುಟ್ಟಿ ಮೊನ್ನೆ, “ತಾತ, ನಿಮ್ಮ ರೆಕ್ಕೆ ವರ್ಷದಿಂದ ವರ್ಷಕ್ಕೆ ದೊಡ್ಡದಾಗ್ತಿದೆ. ಹೀಗೇ ಆದ್ರೆ ಮೇಜು ಸಾಲಲ್ಲ” ಎಂದಳು. ನೋಡಿದರೆ ನಿಜ. ಕೈ ನಡುಗುತ್ತದೆ, ಕಣ್ಣು ಮಂಜು; ಪ್ರತಿ ಸಲವೂ ಗೆರೆ ಒಂದು ಎಳೆಯಷ್ಟು ಹೊರಗೆ ಬಿದ್ದು, ಇಲ್ಲದ ರೆಕ್ಕೆ ಇರುವ ರೆಕ್ಕೆಯ ಎರಡರಷ್ಟಾಗಿದೆ.

ದೇವರು ಸಾಹೇಬರಿಗೆ ನೂರು ಕಾಲದ ಆಯುಸ್ಸು ಕೊಡಲಿ, ನಡುಗದ ಕೈ ಕೊಡಲಿ. ಅವರು ಇನ್ನು ಬಿದ್ದ ವಿಮಾನ ನೋಡುವಂತಾಗದಿರಲಿ. ಆದರೆ ಅವರಿಗೆ ಕೆಲಸವಿಲ್ಲವೆಂದು ಯಾರೂ ತಿಳಿಯಬಾರದು. ಬಿಡುವಾದ ದಿನ ಅವರು ಅಳತೆಪಟ್ಟಿ ಜೇಬಿಗಿಟ್ಟುಕೊಂಡು ಬಂದು, ಇರುವ ರೆಕ್ಕೆಯನ್ನು ಅಳೆದು, ಇಲ್ಲದ ರೆಕ್ಕೆಯನ್ನು ಅದರ ಗಾತ್ರಕ್ಕೆ ತಂದುಕೊಡಬೇಕು. ಅವತ್ತು ಮುದುಕ ಮೇಜು ಒರೆಸಿ, ಗೆರೆ ಎಳೆಯದೆ ಕಾದಿರುತ್ತಾನೆ.