ಮಹಾದೇವಿಗೆ ಹೇಳದೆ ಉಳಿದದ್ದು

ಮಹಾದೇವಿ, ನಿನ್ನ ಕೆಲಸವನ್ನು ನನ್ನದೆಂದು ಹೇಳಿಕೊಂಡು ನಾನು ವಿಜ್ಞಾನಿಯಾದೆ. ಅದು ಹೊರಬೀಳಬಾರದೆಂದು ಇನ್ನೂ ದೊಡ್ಡದೊಂದನ್ನು ನಿನ್ನಿಂದ ಮುಚ್ಚಿಟ್ಟೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ವಾಡಿಯಿಂದ ರೈಲಿನಲ್ಲಿ, ನೀನು ಕೊಡ್ಲಿಯಿಂದ ಬಸ್ಸಿನಲ್ಲಿ — ಇಬ್ಬರೂ ಬಿ.ಎಸ್ಸಿ. ಓದಲು ಸೇಡಂಗೆ ಬರುತ್ತಿದ್ದೆವು. ನಿನ್ನ ಅವ್ವನ ಕೈಕಾಲು ತಡೆಯಿಲ್ಲದೆ ಕುಣಿಯುತ್ತಿದ್ದವು; ಗಾಳಿ ಸೋಕಿದೆ ಎನ್ನುತ್ತಿದ್ದರು ಊರವರು. ತಳಿಶಾಸ್ತ್ರದ ಪಾಠ ಕೇಳಿದ ಮೇಲೆ ನಿನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ನೀನು ಬಳಗದವರ ಮನೆಮನೆ ತಿರುಗಿ, ಯಾರಿಗೆ ಯಾವ ವಯಸ್ಸಿನಲ್ಲಿ ಹೀಗಾಯಿತೆಂದು ಕೇಳಿ, ನಾಲ್ಕು ತಲೆಮಾರಿನ ವಂಶವೃಕ್ಷ ಬರೆದೆ.

ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದು ಬೇಸಿಗೆ ತರಬೇತಿಗೆ ಅರ್ಜಿ ಕರೆದಿತ್ತು. "ನಿನ್ನ ಇಂಗ್ಲಿಷ್ ಛಲೋ ಅದ, ವನಜಾ. ಇಬ್ಬರ ಹೆಸರೂ ಬರದು ನೀನೇ ಕಳಸು" ಎಂದೆ ನೀನು. ನಿನ್ನ ವಂಶವೃಕ್ಷವನ್ನು ಅರ್ಜಿಗೆ ಲಗತ್ತಿಸಿ ನಾನು ಒಂದೇ ಹೆಸರು ಬರೆದೆ, ನನ್ನದು. ಎರಡಿದ್ದರೆ ಅವರು ನಿನ್ನನ್ನೇ ಕರೆದಾರು ಎಂಬ ಭಯ — ಬೇರೇನೂ ಅಲ್ಲ. ಸಂದರ್ಶನದಲ್ಲಿ ಹಿರಿಯರೊಬ್ಬರು, "ಇದೆಲ್ಲ ನೀವೇ ಸಂಗ್ರಹಿಸಿದ್ದಾ?" ಎಂದು ಬೆರಗಿನಿಂದ ಕೇಳಿದರು.

"ಹೌದು ಸರ್" ಎಂದೆ.

ನಿನ್ನ ಹೆಸರು ಆಯ್ಕೆಯಾಗಲಿಲ್ಲ ಎಂದು ನಿನಗೆ ಸುಳ್ಳು ಹೇಳಿದೆ. ನೀನು ಅಂದೆ: "ಹೋಗ್ಲಿ ಬಿಡು. ನೀ ಹೋಗಿ ಕಲಿ. ಇದು ನನಗೂ ಬರ್ತದೇನಂತ ಅಷ್ಟು ಕೇಳ್ಕೊಂಡು ಬಾ."

ಒಂದೇ ತಿಂಗಳಲ್ಲಿ ಉತ್ತರ ತಿಳಿಯಿತು. ಮೆದುಳಿನ ಕೋಶಗಳನ್ನು ನಿಧಾನವಾಗಿ ಕೊಲ್ಲುವ ಕಾಯಿಲೆ. ರೋಗವಿರುವ ತಾಯಿಯ ಪ್ರತಿ ಮಗುವಿಗೂ ಅರ್ಧದಷ್ಟು ಸಾಧ್ಯತೆ. ಹೇಳಲು ಬಂದರೆ ಅರ್ಜಿಯ ಮಾತು ಬರುತ್ತದೆ — ಹಾಗಾಗಿ ಬರಲೇ ಇಲ್ಲ. ಎಂ.ಎಸ್ಸಿ. ಆಯಿತು, ಪಿಎಚ್.ಡಿ. ಆಯಿತು. ನೀನು ಏನೂ ತಿಳಿಯದೆ ಮದುವೆಯಾದೆ, ತಾಯಿಯಾದೆ. ತಿಳಿದಿದ್ದರೆ ಏನು ಮಾಡುತ್ತಿದ್ದೆಯೋ — ಅದು ನಿನ್ನ ತೀರ್ಮಾನವಾಗಿರುತ್ತಿತ್ತು. ಅದನ್ನೂ ನಾನು ಕಸಿದುಕೊಂಡೆ.

ಕಳೆದ ತಿಂಗಳು ಸಂಬಂಧಿಕರ ಮದುವೆಗೆಂದು ಚಿಂಚೋಳಿಗೆ ಬಂದವಳು, ಅಲ್ಲೇ ಪಕ್ಕದ ಚಂದಾಪುರದ ಬಳೆ ಅಂಗಡಿಯಲ್ಲಿ ನಿನ್ನನ್ನು ಕಂಡೆ. ನೀನು ಮಗಳ ಕೈಗೆ ಬಳೆ ತೊಡಿಸುತ್ತಿದ್ದೆ. ನಿನ್ನ ಬೆರಳುಗಳು ನಿಲ್ಲುತ್ತಿರಲಿಲ್ಲ. ಒಂದು ಬಳೆ ಒಡೆಯಿತು. "ಇರ್ಲಿ ಬಿಡವ್ವಾ, ನಾನೇ ಹಾಕ್ಕೋತೀನಿ" ಎಂದಳು ಹುಡುಗಿ. ನಾಲ್ಕು ಹೆಜ್ಜೆಯಷ್ಟೇ ದೂರ. ನಾನು ತಲೆಗೆ ಸೆರಗೆಳೆದುಕೊಂಡು ದಾಟಿಹೋದೆ.

ಸಂಸ್ಥೆಗೆ ನಿಜ ಬರೆದು ಕಳಿಸಿದ್ದೇನೆ. ಭಾನುವಾರ ನಿನ್ನ ಮನೆಗೆ ಬರುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ತಿಳಿದಷ್ಟನ್ನೂ ಹೇಳುತ್ತೇನೆ, ನೀನು ಹೋಗು ಅನ್ನುವವರೆಗೂ, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತ ಕೂತಿರುತ್ತೇನೆ.